ಅಡಿಕೆ ಸುಲಿಯುತ್ತಾ ನೋಡಿದ ಮಾಸ್ಟರ್‌ಶೆಫ್ ಇಂಡಿಯಾ

2023ರ ದಸರಾ ಹೊತ್ತಿಗೆ ನಮ್ಮ ಮನೆಯಲ್ಲಿ ಅಡಿಕೆ ಕೊಯ್ಲು ಶುರುವಾಗಿತ್ತು. ಸಾಗರದಿಂದ ಹದಿನಾಲ್ಕು ಕಿಲೋಮೀಟರ್ ಒಳಗಿನ ಊರು ನಮ್ಮದು. ಕೊಯ್ಲಿನ ದಿನಗಳಲ್ಲಿ ಸಂಜೆ ಆರೂವರೆಗೆಲ್ಲ ಅಂಗಳದ ಚಪ್ಪರದಡಿ ಏಳೆಂಟು ಹೆಂಗಸರು ಮೆಟ್ಟುಗತ್ತಿ ಹಾಕಿಕೊಂಡು ಕೂರುತ್ತಾರೆ. ಕೊಯ್ದ ಹಸಿ ಅಡಿಕೆಯನ್ನು ತುಂಬಾ ದಿನ ಇಡುವಂತಿಲ್ಲ. ಸುಲಿಯಬೇಕು, ಚೊಗರಿನಲ್ಲಿ, ಅಂದರೆ ಮೊದಲು ಅಡಿಕೆ ಬೇಯಿಸಿ ಉಳಿದ ಕೆಂಪು ರಸದಲ್ಲಿ, ಬೇಯಿಸಬೇಕು, ಬಿಸಿಲಿಗೆ ಹರಡಬೇಕು. ರಾತ್ರಿ ಹತ್ತೂವರೆಯವರೆಗೂ ಕೈಗೆ ಬಿಡುವಿಲ್ಲ. ಕಣ್ಣು, ಕಿವಿ ಮಾತ್ರ ಖಾಲಿ. ಮೊದಲೆಲ್ಲ ರೇಡಿಯೋ ಇರುತ್ತಿತ್ತು. ಆಮೇಲೆ ಧಾರಾವಾಹಿ ಬಂತು.

ಆ ಸಲ ರಜೆಗೆ ಬಂದ ಮಗಳು ನನ್ನ ಫೋನಿಗೆ ಕಾರ್ಯಕ್ರಮ ನೋಡುವ ಸೋನಿ ಲಿವ್ ಆ್ಯಪ್ ಹಾಕಿಕೊಟ್ಟಳು. ಬೋರಲು ಹಾಕಿದ ಡಬ್ಬದ ಮೇಲೆ ಫೋನ್ ಒರಗಿಸಿ ಇಟ್ಟಳು. "ಅಮ್ಮಾ, ಇದನ್ನು ನೋಡು. ಮಂಗಳೂರಿನ ಹುಡುಗ ಇದ್ದಾನೆ" ಅಂದಳು. ಹಾಗೆ ಶುರುವಾಯಿತು. ಮಾಸ್ಟರ್‌ಶೆಫ್ ಇಂಡಿಯಾ ಎಂಬ ಹಿಂದಿ ಅಡುಗೆ ಸ್ಪರ್ಧೆಯ ಎಂಟನೆಯ ಸೀಸನ್ನನ್ನು ನಾವು ಚಪ್ಪರದ ಕೆಳಗೆ ಪೂರ್ತಿ ನೋಡಿದೆವು. ಮುಗಿದ ಮೇಲೆ ಹಿಂದಕ್ಕೆ ಹೋಗಿ ಏಳನೆಯದನ್ನೂ ನೋಡಿದೆವು. ಇಪ್ಪತ್ತೈದು ವರ್ಷದಿಂದ ದಿನಾ ಹತ್ತು ಹನ್ನೆರಡು ಜನಕ್ಕೆ ಅಡುಗೆ ಮಾಡುವವಳು ನಾನು. ನನಗೆ ಈ ಕಾರ್ಯಕ್ರಮ ಹೇಗನ್ನಿಸಿತು ಅಂತ ಬರೆಯಬೇಕೆನ್ನಿಸಿತು.

ಇದರ ಮೂಲ ಬ್ರಿಟನ್ನಿನದು. 1990ರಲ್ಲಿ ಅಲ್ಲಿ ಶುರುವಾಯಿತು. 2009ರಲ್ಲಿ ಆಸ್ಟ್ರೇಲಿಯಾದವರು ಅದನ್ನು ದೊಡ್ಡ ಸ್ಪರ್ಧೆಯಾಗಿ ಬೆಳೆಸಿದರು. ನಮ್ಮ ದೇಶದ ಆವೃತ್ತಿ ಬಂದದ್ದು 2010ರ ಅಕ್ಟೋಬರ್‌ನಲ್ಲಿ, ಸ್ಟಾರ್ ಪ್ಲಸ್‌ನಲ್ಲಿ. ಅಕ್ಷಯ್ ಕುಮಾರ್ ಜಡ್ಜ್ ಆಗಿದ್ದರು. ಅವರ ಜೊತೆ ಕುನಾಲ್ ಕಪೂರ್, ಅಜಯ್ ಚೋಪ್ರಾ ಎಂಬ ಇಬ್ಬರು ಶೆಫ್‌ಗಳು. ಆ ಮೊದಲ ಸಲ ಗೆದ್ದವರು ಲಖನೌದ ಶಾಲಾ ಶಿಕ್ಷಕಿ ಪಂಕಜ್ ಭದೌರಿಯಾ. ಮನೆಯಲ್ಲಿ ಅಡುಗೆ ಮಾಡುವವರಿಗೇ ಇರುವ ಸ್ಪರ್ಧೆ ಇದು. ಹೋಟೆಲಿನ ಅಡುಗೆಯವರಿಗಲ್ಲ. ನನಗೆ ಇದರ ಮೇಲೆ ಪ್ರೀತಿ ಬಂದದ್ದೇ ಆ ಕಾರಣಕ್ಕೆ.

ಆ ಮೊದಲ ಸೀಸನ್ನಿನ ನಾಲ್ಕೈದು ಕಂತು ನಾನು ಅತ್ತೆಯ ಜೊತೆ ನೋಡಿದ್ದೆ. ಅತ್ತೆಗೆ ಹಿಂದಿ ಬರುತ್ತಿರಲಿಲ್ಲ. ಆದರೂ ಮುಂದೆ ಬಾಗಿ ನೋಡುತ್ತಿದ್ದರು. ಅವರಿಗೆ ಒಂದೇ ವಿಷಯ ತಲೆಯಲ್ಲಿ ಹೊಕ್ಕಿತ್ತು. ಸ್ಪರ್ಧಿಗಳು ನಡುನಡುವೆ ಚಮಚದಲ್ಲಿ ರುಚಿ ನೋಡುತ್ತಿದ್ದರು. ನೋಡದವರನ್ನು ಜಡ್ಜ್‌ಗಳು ಗದರುತ್ತಿದ್ದರು. ನಮ್ಮಲ್ಲಿ ದೇವರಿಗೆ ನೈವೇದ್ಯ ಆಗುವ ಅಡುಗೆಯನ್ನು ರುಚಿ ನೋಡುವಂತಿಲ್ಲ. ಉಪ್ಪು ಸರಿಯಿದೆಯಾ ಅಂತ ವಾಸನೆಯಲ್ಲಿ ತಿಳಿಯಬೇಕು, ಕುದಿಯುವ ಸದ್ದಿನಲ್ಲಿ ತಿಳಿಯಬೇಕು. ಸಾರಿನ ಹಬೆ ಮೂಗಿಗೆ ಬಂದ ಕೂಡಲೇ "ಉಪ್ಪು ಸಾಲದು" ಅನ್ನುತ್ತಿದ್ದರು ಅತ್ತೆ. ಒಂದು ದಿನವೂ ತಪ್ಪಿದ್ದು ನಾನು ಕಂಡಿಲ್ಲ. ಅಂಥ ಮೂಗನ್ನು ಯಾವ ಟೀವಿಯೂ ತೋರಿಸಲಾರದು, ಅದು ನನಗೆ ಗೊತ್ತು. ಆದರೂ ಈ ಕಾರ್ಯಕ್ರಮ ನೋಡುವಾಗೆಲ್ಲ ಅವರ ನೆನಪು ಬರುತ್ತದೆ.

ಎಂಟನೆಯ ಸೀಸನ್ ಟೀವಿಯಲ್ಲಿ ಬರಲಿಲ್ಲ, ಸೋನಿ ಲಿವ್‌ನಲ್ಲಿ ಮಾತ್ರ ಬಂತು. ವಿಕಾಸ್ ಖನ್ನಾ, ರಣವೀರ್ ಬ್ರಾರ್, ಪೂಜಾ ಧಿಂಗ್ರಾ ಜಡ್ಜ್‌ಗಳು. ಕೊನೆಗೆ ಗೆದ್ದವರು ಮಂಗಳೂರಿನ ಮೊಹಮ್ಮದ್ ಆಶಿಕ್. ಇಪ್ಪತ್ತನಾಲ್ಕು ವರ್ಷದ ಹುಡುಗ. ಕುಲುಕ್ಕಿ ಹಬ್ ಅಂತ ಜ್ಯೂಸ್ ಅಂಗಡಿ ನಡೆಸುತ್ತಿದ್ದ. ಕುಲುಕ್ಕಿ ಅಂದರೆ ಕೇರಳದ ಕಡೆಯ ಶರಬತ್ತು. ನಿಂಬೆರಸ, ಹಸಿಮೆಣಸು, ನೆನೆಸಿದ ಕಾಮಕಸ್ತೂರಿ ಬೀಜ ಹಾಕಿ ಮುಚ್ಚಿ ಜೋರಾಗಿ ಕುಲುಕಿ ಕೊಡುತ್ತಾರೆ. ಅವನು ಹಿಂದೆ ಒಂದು ಸಲ ಪ್ರಯತ್ನಿಸಿ ಆಯ್ಕೆಯಾಗದೆ ವಾಪಸ್ಸು ಬಂದಿದ್ದ. ಮತ್ತೆ ಹೋದ. ಕೊನೆಯ ಹಂತದಲ್ಲಿ ಅವನ ಜೊತೆ ಕಾಶ್ಮೀರದ ರುಖ್ಸಾರ್ ಸಯೀದ್, ಮೇಘಾಲಯದ ನಾಂಬಿ ಜೆಸಿಕಾ ಮರಾಕ್ ಕೂಡ ಇದ್ದರು. ಕರಾವಳಿ, ಹಿಮದ ಕಣಿವೆ, ಗಾರೋ ಜನರ ಬೆಟ್ಟ. ದೇಶದ ಮೂರು ಮೂಲೆಯ ಅಡುಗೆಮನೆಗಳು ಒಂದೇ ಸಾಲಿನಲ್ಲಿ ನಿಂತಿದ್ದವು.

ನಮ್ಮ ಚಪ್ಪರದಲ್ಲಿ ಹಿಂದಿ ಸರಿಯಾಗಿ ಬರುತ್ತಿದ್ದದ್ದು ನನಗೊಬ್ಬಳಿಗೆ. ಉಳಿದವರಿಗೆ ನಾನೇ ಅಲ್ಲಲ್ಲಿ ಹೇಳುತ್ತಿದ್ದೆ. ಎರಡನೆಯ ವಾರದಿಂದ ಅವರು ಕೇಳುವುದನ್ನೇ ಬಿಟ್ಟರು. ಮಾತು ಬೇಕಾಗಲಿಲ್ಲ. ಎಲ್ಲರೂ ಕೈ ನೋಡುತ್ತಿದ್ದರು. ಮೀನು ಬಂದಾಗ ಕೆಳಗಿನ ಕೇರಿಯ ಅಕ್ಕನದೇ ತೀರ್ಪು. "ಮೀನನ್ನು ಅಷ್ಟು ಸಲ ತಿರುವಿದರೆ ಪುಡಿಯಾಗದೆ ಏನಾಗ್ತದೆ?" ಅಂದಳು ಒಂದು ದಿನ. ಐದು ನಿಮಿಷದ ಮೇಲೆ ಜಡ್ಜ್ ಕೂಡ ಅದನ್ನೇ ಹೇಳಿದರು. ಚಪ್ಪರದಲ್ಲಿ ಎಲ್ಲರ ಕತ್ತಿಯೂ ಒಂದು ಗಳಿಗೆ ನಿಂತಿತು. ಆಕೆ ಯಾವ ಶಾಲೆಯಲ್ಲೂ ಅಡುಗೆ ಕಲಿತವಳಲ್ಲ. ನಾನು ಮೀನು ಮುಟ್ಟುವವಳಲ್ಲ. ತರಕಾರಿ, ಬೇಳೆ, ಸಿಹಿ ಬಂದಾಗ ಮಾತ್ರ ಎಲ್ಲರೂ ನನ್ನ ಮುಖ ನೋಡುತ್ತಿದ್ದರು.

ಈ ಕಾರ್ಯಕ್ರಮದ ನಿಜವಾದ ಶಕ್ತಿ ಇದೇ ಅಂತ ನನಗನ್ನಿಸಿತು. ರುಚಿ ನೋಡುಗರಿಗೆ ತಲುಪುವುದಿಲ್ಲ, ವಾಸನೆ ತಲುಪುವುದಿಲ್ಲ. ತಲುಪುವುದು ಕೈ ಒಂದೇ. ಕ್ಯಾಮೆರಾ ಯಾವಾಗ ಕೈಯ ಹತ್ತಿರ ಹೋಗುತ್ತದೋ ಆಗ ನಾವು ಉಸಿರು ಬಿಗಿಹಿಡಿದು ನೋಡುತ್ತಿದ್ದೆವು. ಹಿಟ್ಟು ನಾದುವ ಅಂಗೈ, ಈರುಳ್ಳಿ ಹೆಚ್ಚುವ ಬೆರಳು, ಸಕ್ಕರೆ ಪಾಕದ ಎಳೆ ಪರೀಕ್ಷಿಸುವ ತೋರುಬೆರಳು. ಆದರೆ ಕ್ಯಾಮೆರಾ ಅಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಮೂರು ಸೆಕೆಂಡಿಗೆ ಮುಖಕ್ಕೆ ಹೋಗುತ್ತದೆ. ಮುಖದಿಂದ ಗಡಿಯಾರಕ್ಕೆ, ಗಡಿಯಾರದಿಂದ ಜಡ್ಜ್‌ಗಳ ಹುಬ್ಬಿಗೆ. ಸ್ಪರ್ಧಿ ಒಗ್ಗರಣೆಗೆ ಏನು ಹಾಕಿದಳು ಅಂತ ನೋಡುವಷ್ಟರಲ್ಲಿ ಅದು ಮುಗಿದೇ ಹೋಗಿರುತ್ತದೆ. ಎಷ್ಟೋ ಸಲ ನಾವು ಹಿಂದಕ್ಕೆ ಒತ್ತಿ ಮತ್ತೆ ನೋಡಿದ್ದೇವೆ. ಅಡಿಕೆ ಸಿಪ್ಪೆಯ ಕರೆ ಹತ್ತಿದ ಬೆರಳಲ್ಲಿ ಫೋನ್ ಒತ್ತಿ ಒತ್ತಿ ಪರದೆಯೆಲ್ಲ ಕಂದು ಬಣ್ಣವಾಗಿತ್ತು.

ಇನ್ನು ಗಡಿಯಾರದ ವಿಷಯ. ಇದನ್ನೇ ಹೇಳಬೇಕು ಅಂತ ನಾನು ಬರೆಯಲು ಕೂತದ್ದು.

ಸ್ಪರ್ಧೆಯಲ್ಲಿ ಸಾಮಾನ್ಯವಾಗಿ ಒಂದು ಗಂಟೆ, ಕೆಲವೊಮ್ಮೆ ಅದಕ್ಕಿಂತ ಸ್ವಲ್ಪ ಜಾಸ್ತಿ ಕೊಡುತ್ತಾರೆ. ಜಡ್ಜ್ ಹೇಳಿದ ಕ್ಷಣಕ್ಕೆ ಸಮಯ ಶುರು. ಓಡಿಹೋಗಿ ಪ್ಯಾಂಟ್ರಿಯಿಂದ ಸಾಮಾನು ತರಬೇಕು. ಮಿಸ್ಟರಿ ಬಾಕ್ಸ್, ಅಂದರೆ ಸಾಮಾನು ತುಂಬಿ ಮುಚ್ಚಿಟ್ಟ ಪೆಟ್ಟಿಗೆ, ಆದರೆ ಏನು ಬರುತ್ತದೆ ಅಂತಲೂ ಗೊತ್ತಿರುವುದಿಲ್ಲ. ಇದು ನೋಡಲು ಚೆನ್ನ. ಆದರೆ ನಮ್ಮ ಅಡುಗೆ ಶುರುವಾಗುವುದು ಒಲೆ ಹಚ್ಚಿದಾಗಲ್ಲ. ಹಿಂದಿನ ರಾತ್ರಿ. ನಾಳೆ ದೋಸೆಯಾದರೆ ಇವತ್ತು ಮಧ್ಯಾಹ್ನ ಅಕ್ಕಿ, ಉದ್ದು ನೆನೆಸಬೇಕು. ಸಂಜೆ ರುಬ್ಬಬೇಕು. ಆಮೇಲೆ ಹಿಟ್ಟು ತಾನೇ ಕೆಲಸ ಮಾಡುತ್ತದೆ. ರಾತ್ರಿಯೆಲ್ಲ ಹುಳಿ ಬಂದು ಉಬ್ಬುತ್ತದೆ. ಚಳಿಗಾಲದಲ್ಲಿ ಉಬ್ಬುವುದಿಲ್ಲ ಅಂತ ನಾವು ಪಾತ್ರೆಯನ್ನು ಒಲೆಯ ಪಕ್ಕ ಇಡುತ್ತೇವೆ. ಮೊಸರಿಗೆ ಹೆಪ್ಪು ಹಾಕುವುದು ರಾತ್ರಿ. ಹುರುಳಿ ಮೊಳಕೆ ಬರಬೇಕಾದರೆ ಎರಡು ದಿನ. ಬಿದಿರಿನ ಕಳಲೆಯಾದರೆ ಹೆಚ್ಚಿ ನೀರಲ್ಲಿ ಹಾಕಿ ದಿನಾ ನೀರು ಬದಲಿಸುತ್ತಾ ಮೂರು ದಿನ ಕಾಯಬೇಕು. ಕಾಯದಿದ್ದರೆ ಕಹಿ ಮಾತ್ರ ಅಲ್ಲ, ಅದರಲ್ಲಿ ವಿಷದ ಅಂಶವೂ ಇರುತ್ತದೆ. ನಮ್ಮ ಅಪ್ಪೆಮಿಡಿ ಉಪ್ಪಿನಕಾಯಿಗಂತೂ ತಿಂಗಳುಗಟ್ಟಲೆ ಬೇಕು.

ಒಂದು ಗಂಟೆಯ ಗಡಿಯಾರದಲ್ಲಿ ಇದಕ್ಕೆಲ್ಲ ಜಾಗವೇ ಇಲ್ಲ. ಇಡ್ಲಿ ಮಾಡಲೇಬೇಕಾದರೆ ಸೋಡಾ ಹಾಕಬೇಕು. ಸೋಡಾ ಹಾಕಿದ ಇಡ್ಲಿ ಉಬ್ಬುತ್ತದೆ, ಹುಳಿ ಬರುವುದಿಲ್ಲ. ಆ ಸಣ್ಣ ಹುಳಿಯೇ ಇಡ್ಲಿಯ ಪ್ರಾಣ ಅಲ್ವಾ? ಇಂಥ ಸ್ಪರ್ಧೆಯಲ್ಲಿ ಬೇಗ ಹುರಿಯುವುದು, ಬೇಗ ಸುಡುವುದು, ಕೆನೆ ಹಾಕಿ ಸಾಸ್ ಮಾಡುವುದು ಗೆಲ್ಲುತ್ತದೆ. ಕಾಯುವುದು ಸೋಲುತ್ತದೆ. ದೇಶದ ಅರ್ಧದಷ್ಟು ಅಡುಗೆ ಕಾಯುವುದರ ಮೇಲೆ ನಿಂತಿದೆ. ಈಶಾನ್ಯದವರು ಬಿದಿರು ಕಳಲೆಯನ್ನು ಹುದುಗಿಸಿ ಇಡುತ್ತಾರೆ. ಅಸ್ಸಾಮಿನಲ್ಲಿ ಬಾಳೆಕಾಯಿ ಸಿಪ್ಪೆಯನ್ನು ಒಣಗಿಸಿ, ಸುಟ್ಟು, ಆ ಬೂದಿಯಿಂದ ನೀರು ಸೋಸಿ ಖಾರ್ ಮಾಡುತ್ತಾರೆ. ಅದನ್ನು ಯಾರು ಒಂದು ಗಂಟೆಯಲ್ಲಿ ಮಾಡಲು ಸಾಧ್ಯ? ಮಾಡಿಟ್ಟದ್ದನ್ನು ಸೀಸೆಯಿಂದ ತೆಗೆದು ಹಾಕಬಹುದು. ಆದರೆ ಆ ಸೀಸೆಯ ಹಿಂದಿನ ದುಡಿಮೆಗೆ ಅಂಕ ಇಲ್ಲ.

ಆದರೂ ಗಡಿಯಾರವನ್ನು ನಾನು ಪೂರ್ತಿ ಬೈಯುವುದಿಲ್ಲ. ಒಂದು ಸಂಜೆ ನಾನೇ ಅದನ್ನು ಪರೀಕ್ಷೆ ಮಾಡಿದೆ. ನವೆಂಬರಿನ ಒಂದು ದಿನ, ಐದೂಕಾಲಿಗೆ. ಏನನ್ನೂ ನೆನೆಸಿರಲಿಲ್ಲ, ಏನನ್ನೂ ಹೆಚ್ಚಿರಲಿಲ್ಲ. ಒಂದು ಗಂಟೆಯಲ್ಲಿ ಹನ್ನೊಂದು ಜನಕ್ಕೆ ಅಕ್ಕಿ ರೊಟ್ಟಿ, ಸುಟ್ಟ ಬದನೆಕಾಯಿ ಗೊಜ್ಜು, ಒಂದೆಲಗದ ತಂಬುಳಿ ಆಗಬೇಕು ಅಂತ ಇಟ್ಟುಕೊಂಡೆ. ಮಗ ಫೋನಿನಲ್ಲಿ ಸಮಯ ಹಾಕಿದ.

ಮೊದಲು ಬದನೆಕಾಯಿಗೆ ಎಣ್ಣೆ ಸವರಿ ಕೆಂಡಕ್ಕೆ ಹಾಕಿದೆ. ಇನ್ನೊಂದು ಒಲೆಯಲ್ಲಿ ರೊಟ್ಟಿಗೆ ನೀರು. ಅದು ಕುದಿಯುವಷ್ಟರಲ್ಲಿ ಹಿತ್ತಲಿಗೆ ಹೋಗಿ ಒಂದೆಲಗ ಕೊಯ್ದು ತಂದೆ. ತುಪ್ಪದಲ್ಲಿ ಜೀರಿಗೆ, ಕಾಳುಮೆಣಸು ಹುರಿದು, ಅದರಲ್ಲೇ ಎಲೆ ಬಾಡಿಸಿ ಪಕ್ಕಕ್ಕಿಟ್ಟೆ. ನೀರು ಕುದಿಯಿತು, ಉಪ್ಪು ಹಾಕಿ ಹಿಟ್ಟು ಸುರಿದೆ. ಇಲ್ಲೇ ತಪ್ಪಾಯಿತು. ಹಿಟ್ಟನ್ನು ಮುಚ್ಚಿಟ್ಟು ಹತ್ತು ನಿಮಿಷ ಹಬೆಯಲ್ಲಿ ಬಿಡಬೇಕು. ಸಮಯ ಓಡುತ್ತಿದೆ ಅಂತ ಐದೇ ನಿಮಿಷಕ್ಕೆ ತೆಗೆದು ನಾದಿದೆ. ಹಿಟ್ಟು ಬೆಂದಿರಲಿಲ್ಲ. ಲಟ್ಟಿಸುವಾಗ ಅಂಚೆಲ್ಲ ಒಡೆಯಿತು. ಅಂಚು ಒಡೆದ ರೊಟ್ಟಿ ಕೆಂಡದ ಮೇಲೆ ಉಬ್ಬುವುದಿಲ್ಲ. ಇಪ್ಪತ್ತೆರಡು ಬೇಕಿತ್ತು, ಗಂಟೆ ಮುಗಿದಾಗ ಹದಿನಾಲ್ಕಾಗಿತ್ತು. ಗೊಜ್ಜು ಚೆನ್ನಾಗಿತ್ತು. ತಂಬುಳಿಗೆ ಎಲೆ ಆರುವ ಮೊದಲೇ ಕಾಯಿ ಹಾಕಿ ರುಬ್ಬಿ ಮಜ್ಜಿಗೆ ಸೇರಿಸಿದ್ದೆ. ತಂಪಾಗಿರಬೇಕಾದದ್ದು ಬೆಚ್ಚಗಿತ್ತು.

ಅವತ್ತು ಎರಡು ವಿಷಯ ಅರ್ಥವಾಯಿತು. ಆ ಅಡುಗೆಮನೆಯಲ್ಲಿ ನಡುಗುವ ಕೈಗಳು ಸುಮ್ನೆ ನಡುಗುವುದಿಲ್ಲ. ನನ್ನದು ನನ್ನದೇ ಮನೆ, ನನ್ನದೇ ಒಲೆ. ಆದರೂ ಎದೆ ಹೊಡೆದುಕೊಂಡಿತು. ಅಲ್ಲಿ ಅವರು ಗೊತ್ತಿಲ್ಲದ ಒಲೆಯ ಮುಂದೆ, ಅಷ್ಟು ದೀಪಗಳ ಕೆಳಗೆ ನಿಂತಿರುತ್ತಾರೆ. ಎರಡನೆಯದು, ಯಾವ ಕೆಲಸ ಮೊದಲು, ಯಾವುದು ಆಮೇಲೆ ಅಂತ ಗಡಿಯಾರ ಕಲಿಸುತ್ತದೆ. ಬದನೆಕಾಯಿಯನ್ನು ಮೊದಲು ಕೆಂಡಕ್ಕೆ ಹಾಕಿದ್ದರಿಂದಲೇ ಆ ಗೊಜ್ಜು ಹೊತ್ತಿಗೆ ಸರಿಯಾಗಿ ಆಯಿತು. ಆ ಕ್ರಮ ಈಗಲೂ ನನ್ನ ಕೈಯಲ್ಲಿ ಉಳಿದಿದೆ.

ಪ್ಲೇಟಿಂಗ್, ಅಂದರೆ ತಟ್ಟೆಯಲ್ಲಿ ಅಡುಗೆ ಜೋಡಿಸುವ ರೀತಿಯ ಬಗ್ಗೆ ನಮ್ಮ ಚಪ್ಪರದಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಅಷ್ಟು ದೊಡ್ಡ ತಟ್ಟೆ, ನಡುವೆ ಒಂದು ಮುಷ್ಟಿ ಊಟ, ಸುತ್ತ ನಾಲ್ಕು ಚುಕ್ಕೆ. "ಹೊಟ್ಟೆಗೆ ಏನು?" ಅಂತ ಎಲ್ಲರೂ ಕೇಳಿದರು. ನನಗೂ ಮೊದಮೊದಲು ಹಾಗೇ ಅನ್ನಿಸಿತ್ತು. ಆಮೇಲೆ ಯೋಚಿಸಿದೆ. ನಮ್ಮ ಬಾಳೆಎಲೆಗೂ ಕ್ರಮ ಇದೆಯಲ್ಲ. ಕುಡಿ ಎಡಕ್ಕಿರಬೇಕು. ಉಪ್ಪಿಗೆ ಒಂದು ಜಾಗ, ಉಪ್ಪಿನಕಾಯಿಗೆ ಒಂದು ಜಾಗ, ಕೋಸಂಬರಿ ಪಲ್ಯಕ್ಕೆ ಅವವುಗಳ ಜಾಗ. ಬಡಿಸುವವರು ತಪ್ಪಿದರೆ ಹಿರಿಯರು ಅಲ್ಲೇ ಹೇಳುತ್ತಾರೆ. ಹಾಗಾಗಿ ಊಟ ಕಣ್ಣಿಗೂ ಚೆನ್ನಾಗಿರಬೇಕು ಎಂಬುದು ನಮಗೆ ಹೊರಗಿನಿಂದ ಬಂದ ಮಾತಲ್ಲ. ನನ್ನ ತಕರಾರು ಬೇರೆ. ಎಲೆಯ ಕ್ರಮ ತಿನ್ನುವವರಿಗಾಗಿ ಇರುವುದು. ಯಾವುದನ್ನು ಯಾವುದರ ಜೊತೆ ಕಲಸಬೇಕು ಅಂತ ಅದು ದಾರಿ ತೋರಿಸುತ್ತದೆ. ಸ್ಪರ್ಧೆಯ ತಟ್ಟೆಯಲ್ಲಿ ಎಷ್ಟೋ ಸಲ ಸಾರು ಬರೀ ಚುಕ್ಕೆಯಾಗಿರುತ್ತದೆ. ಅನ್ನಕ್ಕೆ ಅದು ಸಾಲುವುದಿಲ್ಲ. ಮನೆಯ ಅಡುಗೆ ತಂದವಳಿಗೆ "ಇದನ್ನು ಇನ್ನೂ ಮೇಲಕ್ಕೆ ಒಯ್ಯಿ" ಅಂತ ಹೇಳುವಾಗ ನನಗೆ ನೋವಾಗುತ್ತದೆ. ಅವಳ ಅಡುಗೆ ಕೆಳಗೆಲ್ಲಿ ಇತ್ತು?

ಜಡ್ಜ್‌ಗಳು ಮಾತ್ರ ನನಗೆ ಇಷ್ಟವಾದರು. ವಿಕಾಸ್ ಖನ್ನಾ ಅಮೃತಸರದವರು. ಅವರು ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದ್ದು ನಮ್ಮ ಮಣಿಪಾಲದಲ್ಲಿ ಅಂತ ಗೊತ್ತಾದಾಗ ಚಪ್ಪರದಲ್ಲಿ ಎಲ್ಲರಿಗೂ ಖುಷಿಯಾಯಿತು. ದೇಶದ ಬೇರೆ ಬೇರೆ ಕಡೆಯ ಅಡುಗೆ ಪಾತ್ರೆಗಳನ್ನು ಸೇರಿಸಿ ಅಲ್ಲೇ ಒಂದು ಮ್ಯೂಸಿಯಂ ಮಾಡಿಸಿದ್ದಾರೆ, 2018ರಲ್ಲಿ ತೆರೆದದ್ದು. ಅಜ್ಜಿಯಿಂದ ಅಡುಗೆ ಕಲಿತವರು ಅವರು. ವಯಸ್ಸಾದ ಸ್ಪರ್ಧಿಗಳ ಮುಂದೆ ನಿಲ್ಲುವಾಗ ಅವರ ಭುಜ ತಾನಾಗಿ ಬಾಗುತ್ತದೆ. ರಣವೀರ್ ಬ್ರಾರ್ ಲಖನೌದವರು. ತಟ್ಟೆಯಲ್ಲಿದ್ದ ಪದಾರ್ಥ ಎಲ್ಲಿಂದ ಬಂತು, ಯಾರು ತಿನ್ನುತ್ತಿದ್ದರು ಅಂತ ಅವರು ಹೇಳತೊಡಗಿದರೆ ನಾನು ಒಲೆಯ ಕೆಲಸ ಬಿಟ್ಟು ಬಂದು ಕೇಳುತ್ತಿದ್ದೆ. ಪೂಜಾ ಧಿಂಗ್ರಾ ಫ್ರೆಂಚ್ ಸಿಹಿತಿಂಡಿಗೆ ಹೆಸರಾದವರು. ಅಳತೆಯ ಬಗ್ಗೆ ಅವರು ಬಿಗಿ. ಏಳನೆಯ ಸೀಸನ್ನಿನಲ್ಲಿ ಅವರ ಜಾಗದಲ್ಲಿ ಗರಿಮಾ ಅರೋರಾ ಇದ್ದರು. ಬ್ಯಾಂಕಾಕಿನ ತಮ್ಮ ರೆಸ್ಟೋರೆಂಟಿಗೆ ಮಿಷೆಲಿನ್ ಸ್ಟಾರ್ ಎಂಬ ದೊಡ್ಡ ಮನ್ನಣೆ ಪಡೆದ ಮೊದಲ ಭಾರತೀಯ ಮಹಿಳೆ. ಅವರ ಮಾತು ಕಡಿಮೆ, ಆದರೆ ತಪ್ಪು ಎಲ್ಲಾಯಿತು ಅಂತ ನೇರವಾಗಿ ಹೇಳುತ್ತಿದ್ದರು. ಕಲಿಯುವವರಿಗೆ ಅಂಥವರು ಬೇಕು. ಆ ಸೀಸನ್ ಗೆದ್ದವರು ಅಸ್ಸಾಮಿನ ತಿನ್ಸುಕಿಯಾದ ನಯನಜ್ಯೋತಿ ಸೈಕಿಯಾ. ಎಷ್ಟು ಮೆದುವಾದ ಹುಡುಗ! ಗೆದ್ದಾಗಲೂ ತಲೆ ತಗ್ಗಿಸಿಯೇ ನಿಂತಿದ್ದ.

ಏಳನೆಯ ಸೀಸನ್ನಿನಲ್ಲೇ ಸಸ್ಯಾಹಾರದ ಜಗಳವೂ ಆಯಿತು. ಮೀನಿನ ಬದಲು ಪನೀರ್ ಬಳಸಲು ಸಸ್ಯಾಹಾರಿ ಸ್ಪರ್ಧಿಗೆ ಅವಕಾಶ ಕೊಟ್ಟರು ಅಂತ ನೋಡುಗರು ಕೋಪ ಮಾಡಿಕೊಂಡರು. ನಾನು ಸಸ್ಯಾಹಾರಿ. ಆದರೂ ಆ ಕೋಪ ಸರಿ ಅಂತಲೇ ನನಗನ್ನಿಸುತ್ತದೆ. ಮೀನು ಬಿಡಿಸುವುದು ಕಷ್ಟದ ಕೆಲಸ. ಪನೀರ್ ತುಂಡು ಮಾಡುವುದು ಕಷ್ಟವಲ್ಲ. ಮೀನು ಮುಟ್ಟದವರನ್ನು ಹೊರಗಿಡುವುದು ಬೇಡ. ಆದರೆ ಅವರ ಮುಂದೆ ಅಷ್ಟೇ ಕಷ್ಟದ್ದನ್ನು ಇಡಿ. ಕೆಸುವಿನ ಎಲೆ ಕೊಡಿ. ನಾರು ತೆಗೆದು, ಹುಳಿ ಸರಿಯಾಗಿ ಹಾಕಿ, ಪತ್ರೊಡೆ ಮಾಡಲಿ. ಹುಳಿ ಕಡಿಮೆಯಾದರೆ ಜಡ್ಜ್‌ಗಳ ಗಂಟಲು ತುರಿಸುತ್ತದೆ, ಆಗ ಗೊತ್ತಾಗುತ್ತದೆ. ಬಾಳೆದಿಂಡು ಕೊಡಿ. ನಾರು ಬೆರಳಿಗೆ ಸುತ್ತಿಕೊಂಡು ಸಣ್ಣಗೆ ಹೆಚ್ಚಲಿ, ಕಪ್ಪಾಗದಂತೆ ಮಜ್ಜಿಗೆ ನೀರಿಗೆ ಹಾಕಲಿ. ತರಕಾರಿಯಲ್ಲೂ ಬೆವರಿಳಿಸುವ ಕೆಲಸ ಬೇಕಾದಷ್ಟಿದೆ. 2015ರ ನಾಲ್ಕನೆಯ ಸೀಸನ್ನನ್ನು ಪೂರ್ತಿ ಸಸ್ಯಾಹಾರಿ ಮಾಡಿದ್ದರು. ಅದೂ ನನಗೆ ಸರಿ ಕಾಣಲಿಲ್ಲ. ದೇಶದ ಹೆಸರಿಟ್ಟುಕೊಂಡ ಮೇಲೆ ಕರಾವಳಿಯ ಮೀನಿಗೂ ಈಶಾನ್ಯದ ಮಾಂಸಕ್ಕೂ ಜಾಗ ಇರಬೇಕು. ಕೆಳಗಿನ ಕೇರಿಯ ಅಕ್ಕನ ತೀರ್ಪು ಇಲ್ಲದಿದ್ದರೆ ನಮ್ಮ ಚಪ್ಪರವೂ ಅರ್ಧ ಖಾಲಿ.

ಬೇಸರದ ಸಂಗತಿಗಳೂ ಇವೆ. ಎಲಿಮಿನೇಷನ್ ದಿನ ಹೆಸರು ಹೇಳಲು ತುಂಬಾ ಎಳೆಯುತ್ತಾರೆ. ಒಂದೇ ಮುಖವನ್ನು ಮೂರು ಸಲ ತೋರಿಸುತ್ತಾರೆ. ಅಡುಗೆಯ ಸಾಮಾನಿನ ಜಾಹೀರಾತುಗಳು ಮಾತಿನ ಮಧ್ಯೆಯೇ ನುಸುಳುತ್ತವೆ. ಸದ್ದು ಎಷ್ಟು ಜೋರೆಂದರೆ ಬಾಣಲೆಯ ಚುಂಯ್ ಕೇಳಿಸುವುದಿಲ್ಲ. ಆ ಚುಂಯ್ ಸದ್ದಿನಲ್ಲೇ ಎಣ್ಣೆ ಎಷ್ಟು ಕಾದಿದೆ ಅಂತ ತಿಳಿಯುವುದು.

ಸ್ಪರ್ಧಿಗಳ ಕಣ್ಣೀರಿನ ಕತೆಗಳ ಬಗ್ಗೆ ನನಗೂ ಚಪ್ಪರದವರಿಗೂ ಒಂದೇ ಅಭಿಪ್ರಾಯ ಇಲ್ಲ. ನನಗೆ ಜಾಸ್ತಿಯಾಯಿತು ಅನ್ನಿಸಿತು. ತಟ್ಟೆ ಮುಂದಿಟ್ಟು ಹತ್ತು ನಿಮಿಷ ಕಷ್ಟ ಕೇಳಿಸಿ ಆಮೇಲೆ ರುಚಿ ನೋಡಿದರೆ, ತೀರ್ಪು ರುಚಿಗೋ ಕಷ್ಟಕ್ಕೋ ಅಂತ ಗೊತ್ತಾಗುವುದಿಲ್ಲ. ಆದರೆ ಸುಲಿಯಲು ಬರುವವರಲ್ಲಿ ಒಬ್ಬಳು ಹೇಳಿದ ಮಾತು ನನ್ನ ಮನಸ್ಸಿನಲ್ಲಿ ನಿಂತಿದೆ. "ನಾವು ಅಡುಗೆ ಮಾಡಿ ಅತ್ತದ್ದನ್ನು ಯಾರು ಕೇಳಿದ್ದಾರೆ? ಇವರಾದರೂ ಕೇಳ್ತಾರಲ್ಲ." ಅವಳು ಹದಿಮೂರನೆಯ ವಯಸ್ಸಿಗೆ ಮನೆಯ ಒಲೆ ಹಿಡಿದವಳು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಕತೆಗಳು ಬರುವಾಗ ಮುಂದಕ್ಕೆ ಒತ್ತುವುದನ್ನು ಅವತ್ತಿನಿಂದ ನಿಲ್ಲಿಸಿದೆ.

ಮಗಳು ಆಸ್ಟ್ರೇಲಿಯಾದ ಮಾಸ್ಟರ್‌ಶೆಫ್‌ನ ಒಂದು ತುಣುಕು ತೋರಿಸಿದಳು, 2021ರದು. ಬಾಂಗ್ಲಾ ಮೂಲದ ಕಿಶ್ವರ್ ಚೌಧುರಿ ಕೊನೆಯ ಸುತ್ತಿನಲ್ಲಿ ಪಾಂತಾ ಭಾತ್‌ನಿಂದ ಹುಟ್ಟಿದ ತಟ್ಟೆ ಇಟ್ಟಳು. ಪಾಂತಾ ಭಾತ್ ಅಂದರೆ ರಾತ್ರಿ ಉಳಿದ ಅನ್ನಕ್ಕೆ ನೀರು ಹಾಕಿಟ್ಟು ಬೆಳಿಗ್ಗೆ ಉಣ್ಣುವುದು. ನಮ್ಮ ತಂಗಳನ್ನವೇ. ಜೊತೆಗೆ ಹಿಚುಕಿದ ಆಲೂಗಡ್ಡೆ, ಮೀನು. ಇಂಥದ್ದನ್ನು ರೆಸ್ಟೋರೆಂಟಿನಲ್ಲಿ ನೋಡಲು ಸಿಗುವುದಿಲ್ಲ ಅಂತ ಅವಳೇ ಹೇಳಿದಳು. ಮೂರನೆಯ ಸ್ಥಾನ ಬಂತು. ಅದನ್ನು ನೋಡಿ ನನ್ನ ಕಣ್ಣು ತುಂಬಿತು. ಗದ್ದೆ ಕೆಲಸಕ್ಕೆ ಹೋಗುವವರ ಊಟ ಅದು. ಅದು ಅಲ್ಲಿಯ ಕೊನೆಯ ಸುತ್ತಿಗೆ ಹೋಗಬಹುದಾದರೆ ನಮ್ಮ ದೇಶದ ಸ್ಪರ್ಧೆಯಲ್ಲಿ ಗಂಜಿಗೆ, ಅಂಬಲಿಗೆ, ಮುದ್ದೆಗೆ ಇನ್ನೂ ಹೆಚ್ಚು ಜಾಗ ಇರಬೇಕಲ್ಲ.

ನನಗೆ ಒಂದೇ ಒಂದು ಆಸೆ. ಒಂದು ಸುತ್ತಾದರೂ ಹಿಂದಿನ ರಾತ್ರಿಯಿಂದ ಶುರುವಾಗಲಿ. ಸಂಜೆ ಸ್ಪರ್ಧಿಗಳನ್ನು ಒಳಗೆ ಬಿಡಿ. ಅರ್ಧ ಗಂಟೆ ಸಾಕು. ನೆನೆಸುವವರು ನೆನೆಸಲಿ, ರುಬ್ಬುವವರು ರುಬ್ಬಲಿ, ಹೆಪ್ಪು ಹಾಕುವವರು ಹಾಕಲಿ. ದೀಪ ಆರಿಸಿ ಬಾಗಿಲು ಹಾಕಿ. ಬೆಳಿಗ್ಗೆ ಬಂದು ಪಾತ್ರೆಯ ಮುಚ್ಚಳ ತೆಗೆಯುವಾಗ ಅವರ ಮುಖವನ್ನು ಎಷ್ಟು ಹೊತ್ತಾದರೂ ತೋರಿಸಿ, ನಾವು ನೋಡುತ್ತೇವೆ. ಹಿಟ್ಟು ಉಬ್ಬಿದೆಯೋ ಇಲ್ಲವೋ ಅಂತ ಮುಚ್ಚಳ ಎತ್ತುವ ಆ ಕ್ಷಣಕ್ಕಿಂತ ದೊಡ್ಡ ಕುತೂಹಲ ಅಡುಗೆಮನೆಯಲ್ಲಿ ಇಲ್ಲ.

ತಮಿಳಿನಲ್ಲಿ, ತೆಲುಗಿನಲ್ಲಿ ಮಾಸ್ಟರ್‌ಶೆಫ್ ಬಂದಾಗ ನಮ್ಮ ಭಾಷೆಯಲ್ಲೂ ಬರಲಿ ಅಂತ ಆಸೆಪಟ್ಟೆ. ಜೋಳದ ರೊಟ್ಟಿ ಬಡಿಯುವ ಕೈಗೂ, ಪಂದಿಕರಿಗೆ ಕಾಚಂಪುಳಿ ಎಂಬ ಹುಳಿ ಹಾಕುವ ಕೈಗೂ, ಕೋರಿ ರೊಟ್ಟಿಯ ಕೈಗೂ, ತೊಡೆದೇವು ಎಂಬ ತೆಳು ಸಿಹಿ ಎರೆಯುವ ಕೈಗೂ ಒಂದೇ ಸಾಲಿನಲ್ಲಿ ಒಲೆ ಹಾಕಿಕೊಟ್ಟರೆ ಜಡ್ಜ್‌ಗಳ ಪಾಡು ಕಷ್ಟ. ತೊಡೆದೇವು ಎರೆಯಲು ಬೋರಲು ಮಡಕೆ ಬೇಕು, ಕಬ್ಬಿನ ಹಾಲು ಬೇಕು. ಅದನ್ನು ಪ್ಯಾಂಟ್ರಿಯಲ್ಲಿ ಈಗಲೇ ಇಟ್ಟಿರಲಿ.

ಆಶಿಕ್ ಗೆದ್ದದ್ದು ಡಿಸೆಂಬರಿನಲ್ಲಿ. ಆ ರಾತ್ರಿ ನೆಟ್‌ವರ್ಕ್ ಎರಡು ಸಲ ಹೋಯಿತು. ಕೊನೆಗೆ ಫೋನನ್ನು ಅಂಗಳದ ಮೂಲೆಯ ಪೇರಳೆ ಮರದ ಕವಲಿಗೆ ಸಿಕ್ಕಿಸಿ, ಎಲ್ಲರೂ ಕೆಳಗೆ ನಿಂತು ನೋಡಿದೆವು. ಹೆಸರು ಹೇಳಿದ ಕೂಡಲೇ ಮೀನಿನ ತೀರ್ಪಿನ ಅಕ್ಕ ಜೋರಾಗಿ ಚಪ್ಪಾಳೆ ತಟ್ಟಿದಳು. ಅವನ ಮೈಮೇಲೆ ಚಿನ್ನದ ಬಣ್ಣದ ಕೋಟು ಬಂತು, ಇಪ್ಪತ್ತೈದು ಲಕ್ಷದ ಬಹುಮಾನ ಬಂತು. ಅವತ್ತು ಎರಡು ಡಬ್ಬ ಅಡಿಕೆ ಸುಲಿಯದೆ ಉಳಿಯಿತು.

ಹೊಸದಾಗಿ ನೋಡುವವರು ಎಂಟನೆಯ ಸೀಸನ್ನಿನಿಂದ ಶುರುಮಾಡಿ, ಆಮೇಲೆ ಏಳನೆಯದು ನೋಡಿ. ಮೊದಲಿನ ಆಡಿಷನ್ ಕಂತುಗಳನ್ನು ಬಿಡಬೇಡಿ. ಜನ ತಮ್ಮ ಮನೆಯಿಂದ ಏನು ಹೊತ್ತು ತಂದರು ಅಂತ ಕಾಣುವುದು ಅಲ್ಲೇ. ಹಿಂದಿ ಬಾರದಿದ್ದರೂ ನಡೆಯುತ್ತದೆ, ಕೈ ನೋಡಿ ಸಾಕು. ಊಟ ಮುಗಿಸಿಕೊಂಡೇ ಕೂರಿ. ನಮ್ಮ ಚಪ್ಪರದಲ್ಲಿ ಒಂಬತ್ತು ಗಂಟೆಗೆ ಎಲ್ಲರಿಗೂ ಮತ್ತೆ ಹಸಿವಾಗುತ್ತಿತ್ತು. ಆಗ ನಾನು ಒಳಗೆ ಹೋಗಿ ಕಾಯಿ ತುರಿದು, ಬೆಲ್ಲ ಹಾಕಿ, ಒಂದು ದೊಡ್ಡ ಪಾತ್ರೆ ತೆಳು ಅವಲಕ್ಕಿ ಕಲಸಿಕೊಂಡು ಬರುತ್ತಿದ್ದೆ.